ಟ್ಯಾಫ್ ನದಿ ದಂಡೆಯಿಂದ ಕೆಜಿಎಫ್ ಗೆಳೆಯನಿಗೊಂದು ಪತ್ರ

ಸೂಪರ್‌ವೈಸರ್ ಸಾಹೇಬರಿಗೆ ನಮಸ್ಕಾರ,

ನಾನು ಹಾಕಿದ್ದ ಫೋಟೋ ನೋಡಿ, "ಇದರಲ್ಲಿ ರಸ್ತೆ ಎಲ್ಲಿದೆ? ಬರೀ ಕಾಡು ಕಾಣ್ತಿದೆ" ಅಂತ ಕೇಳಿದ್ದೆ. ಅದೇ ವಿಷಯ ಮಾರಾಯ. ರಸ್ತೆ ಇಲ್ಲ. ಕಾರಿಲ್ಲ, ಲಾರಿ ಇಲ್ಲ, ಹಾರನ್ ಇಲ್ಲ. ಸೈಕಲ್ಲಿನವರಿಗೂ ನಡೆಯುವವರಿಗೂ ಅಂತಲೇ ಇರುವ ದಾರಿ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಬಂಗಾರಪೇಟೆ ಪಾನಿಪುರಿಯ ಎರಡನೇ ಪ್ಲೇಟಿನ ಹಳೆ ಲೆಕ್ಕ ಶುರು ಮಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರ ಮುಂದೆ ಬರೆದರೆ ನೀನು ಪೂರ್ತಿ ಓದಲೇಬೇಕು, ಅಲ್ವಾ?

ದಾರಿಯ ಹೆಸರು ಟ್ಯಾಫ್ ಟ್ರೇಲ್. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ ನಾನಿರುವ ಕಾರ್ಡಿಫ್‌ನ ಕೊಲ್ಲಿಯ ಹತ್ತಿರ ಶುರುವಾಗಿ, ಉತ್ತರಕ್ಕೆ ಬ್ರೆಕನ್ ಎಂಬ ಸಣ್ಣ ಪೇಟೆಯ ತನಕ ಹೋಗುತ್ತದೆ. 55 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 88 ಕಿಲೋಮೀಟರ್. ಬಹುಪಾಲು ಟ್ಯಾಫ್ ನದಿಯ ಕಣಿವೆ ಹಿಡಿದೇ ಹತ್ತುತ್ತದೆ. ನೀಲಿ ಬೋರ್ಡು, ಅದರಲ್ಲಿ ಕೆಂಪು ಚೌಕ, ಚೌಕದೊಳಗೆ 8. ಇಡೀ ಬ್ರಿಟನ್ನಿನ ಸೈಕಲ್ ದಾರಿಗಳಿಗೆ ಹೀಗೆ ನಂಬರ್ ಇದೆ. 8 ನಂಬರಿನದು ವೇಲ್ಸ್ ನಾಡನ್ನು ದಕ್ಷಿಣದಿಂದ ಉತ್ತರದವರೆಗೂ ದಾಟುತ್ತದೆ. ಟ್ಯಾಫ್ ಟ್ರೇಲ್‌ನ ಹೆಚ್ಚಿನ ಭಾಗ ಅದರೊಳಗೇ ಬರುತ್ತದೆ. ಪೂರ್ತಿ ವಾಹನವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ನಡುನಡುವೆ ಒಂದಿಷ್ಟು ಹಳ್ಳಿ ರಸ್ತೆ, ಒಂದೆರಡು ಪೇಟೆಯ ಗಲ್ಲಿ ಸಿಗುತ್ತವೆ. ಉಳಿದದ್ದೆಲ್ಲ ಪಾರ್ಕು, ಕಾಡು, ನದಿ ದಂಡೆ, ಹಳೆ ರೈಲು ಹಾದಿ, ನಾಲೆಯ ಏರಿ.

ಊರು ಬಿಡುವಾಗಲೇ ಬ್ಯೂಟ್ ಪಾರ್ಕ್ ಬರುತ್ತದೆ. ಕಾರ್ಡಿಫ್ ಕೋಟೆಯ ಹಿಂಬದಿಯಲ್ಲಿ, ನದಿಗೆ ತಾಗಿಕೊಂಡೇ ಇದೆ. ದೊಡ್ಡ ದೊಡ್ಡ ಮರಗಳು, ಬೆಳಗ್ಗೆ ನಾಯಿ ಹಿಡಿದುಕೊಂಡು ಬರುವವರು, ಸ್ಕೂಲಿಗೆ ಸೈಕಲ್ ತುಳಿಯುವ ಮಕ್ಕಳು. ಬ್ಯೂಟ್ ಮನೆತನದವರು 1947ರಲ್ಲಿ ಕೋಟೆಯನ್ನೂ ಪಾರ್ಕನ್ನೂ ಊರಿಗೆ ಕೊಟ್ಟರು. ಇನ್ನೊಂದಿಷ್ಟು ತುಳಿದರೆ ಗುಡ್ಡದ ಮೇಲೆ, ಬೀಚ್ ಎಂಬ ಜಾತಿಯ ಮರಗಳ ನಡುವೆ ಕ್ಯಾಸ್ಟೆಲ್ ಕೋಚ್ ಎಂಬ ಚೂಪು ಗೋಪುರದ ಕೋಟೆ. ಹಳೆ ಪಾಳು ಕೋಟೆಯ ಮೇಲೆ 1870ರ ದಶಕದಲ್ಲಿ ಕಟ್ಟಲು ಶುರು ಮಾಡಿದ್ದು, ಅದೂ ಅದೇ ಮನೆತನದ್ದು. ಅವರ ದುಡ್ಡು ಬಂದದ್ದು ಈ ಕಣಿವೆಯ ಕಲ್ಲಿದ್ದಲಿನಿಂದ, ಅದನ್ನು ಹಡಗಿಗೆ ತುಂಬುತ್ತಿದ್ದ ಕಾರ್ಡಿಫ್ ಬಂದರಿನಿಂದ. ಇದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಕೋಟೆಯ ಹತ್ತಿರ ಏರು ಜಾಸ್ತಿ. ನಾನು ಇಳಿದು ತಳ್ಳುತ್ತೇನೆ. ಅದಾದ ಮೇಲೆ ಇದ್ದಕ್ಕಿದ್ದ ಹಾಗೆ ಕಾಲಿಗೆ ಭಾರವೇ ಇರುವುದಿಲ್ಲ. ಎರಡೂ ಕಡೆ ಬೆಟ್ಟ, ಆದರೂ ದಾರಿ ಹೆಚ್ಚುಕಮ್ಮಿ ಸಮತಟ್ಟು. ತಿರುವುಗಳೂ ಉದ್ದಕ್ಕೆ, ನಿಧಾನಕ್ಕೆ ಬಳಸುತ್ತವೆ. ಮೊದಲ ಸಲ ಬಂದಾಗ ಇದೇನು ಅಂತ ಗೊತ್ತಾಗಲಿಲ್ಲ. ಇದು ರೈಲು ಹಾದಿ. ಹಳಿ ಕಿತ್ತು ಹೋಗಿದೆ, ದಾರಿ ಉಳಿದಿದೆ. ರೈಲಿಗೆ ಕಡಿದಾದ ಏರು ಹತ್ತಲು ಬರುವುದಿಲ್ಲ. ಅದಕ್ಕೇ ಗುಡ್ಡ ಅಡ್ಡ ಬಂದಲ್ಲಿ ಕಡಿದರು, ತಗ್ಗು ಬಂದಲ್ಲಿ ಮಣ್ಣು ತುಂಬಿದರು. ಉತ್ತರದ ಕಡೆ, ಟೋರ್‌ಪ್ಯಾಂಟೈ ಕಣಿವೆ ದಾಟಿದ ಮೇಲೆ ಒಂದು ಇಳಿಜಾರಿದೆ. ಅಲ್ಲಿ 38 ಅಡಿ ಮುಂದೆ ಹೋದರೆ 1 ಅಡಿ ಇಳಿಯುತ್ತೇವೆ. ಆ ಕಾಲದ ರೈಲಿನವರಿಗೆ ಅದೇ ದೊಡ್ಡ ತಲೆನೋವು, ಬೆಟ್ಟ ಹತ್ತಿಸಲು ಹಬೆ ಎಂಜಿನ್ನುಗಳು ಏದುಸಿರು ಬಿಡುತ್ತಿದ್ದವಂತೆ. ಸೈಕಲ್ಲಿಗೆ ಅದು ಹಬ್ಬ. ಕೆಳಗೆ ಟಾಲಿಬಾಂಟ್ ಜಲಾಶಯ, ಪಕ್ಕದಲ್ಲಿ ಮರ, ಪೆಡಲ್ ಮುಟ್ಟದೆ ಮೈಲಿಗಟ್ಟಲೆ ಇಳಿಯಬಹುದು.

ಕೆವನ್ ಕೋಯ್ಡ್ ಸೇತುವೆಯ ಬಗ್ಗೆ ಹೇಳಲೇಬೇಕು. ಮರ್ಥರ್ ಟಿಡ್ವಿಲ್ ಊರಿನ ಹತ್ತಿರ, 1866ರಲ್ಲಿ ಕಟ್ಟಿದ್ದು. 15 ಕಮಾನು, 115 ಅಡಿ ಎತ್ತರ. ಸೇತುವೆ ನೇರ ಇಲ್ಲ, ಬಿಲ್ಲಿನ ಹಾಗೆ ಬಾಗಿದೆ. ಒಂದು ಕಾಲದಲ್ಲಿ ಅದರ ಮೇಲೆ ರೈಲು. ಈಗ ನಾನು, ನನ್ನ ಸೈಕಲ್ಲು, ಕ್ಯಾರಿಯರ್‌ಗೆ ಕಟ್ಟಿದ ಚಿತ್ರಾನ್ನದ ಡಬ್ಬಿ. ನಡುವೆ ನಿಂತು ಬಗ್ಗಿ ನೋಡಿದರೆ ಮರಗಳ ತುದಿ ನಮ್ಮ ಕಾಲಿನ ಕೆಳಗೆ. ಗೋಡೆಯ ಕಲ್ಲಿನ ಸಂದಿಯಲ್ಲಿ ಬೆಳೆದ ಜರಿಗಿಡವನ್ನು ಕೈಯಲ್ಲಿ ಮುಟ್ಟಬಹುದು. ಹೊಗೆಯ ಮಸಿ ಯಾವತ್ತೋ ತೊಳೆದು ಹೋಗಿರಬೇಕು. ಕಲ್ಲು ಈಗ ಬೂದು, ಅಲ್ಲಲ್ಲಿ ಪಾಚಿ.

ಈ ದಾರಿಯಲ್ಲಿ ನನಗೆ ಸಿಟ್ಟು ಬರುವುದು ಒಂದೇ ಒಂದಕ್ಕೆ. ಮೋಟರ್ ಬೈಕ್ ನುಗ್ಗಬಾರದು ಅಂತ ಅಲ್ಲಲ್ಲಿ ಕಬ್ಬಿಣದ ತಡೆ ಹಾಕಿದ್ದಾರೆ. ಎರಡು ಪೈಪು ಮೇಲೆ ಹೋಗುತ್ತಾ ಹತ್ತಿರ ಬರುತ್ತವೆ. ಹ್ಯಾಂಡಲ್ ಓರೆ ಮಾಡಿ, ಮುಂದಿನ ಚಕ್ರ ಎತ್ತಿ ತೂರಿಸಬೇಕು. ಚೀಲ ಕಟ್ಟಿದ್ದರೆ ಬಿಚ್ಚಬೇಕು. ನಮಗೇನೋ ಆಗುತ್ತದೆ. ಗಾಲಿಕುರ್ಚಿಯಲ್ಲಿ ಬಂದವರು, ಮೂರು ಗಾಲಿ ಸೈಕಲ್ಲಿನ ವಯಸ್ಸಾದವರು ಏನು ಮಾಡಬೇಕು? ಇಷ್ಟು ಚೆಂದದ ದಾರಿ ಮಾಡಿ ಅವರನ್ನು ಬಾಗಿಲಲ್ಲೇ ನಿಲ್ಲಿಸುವುದು ಅನ್ಯಾಯ. ಕೆಲವು ಕಡೆ ಈಗೀಗ ಇವನ್ನು ಕೀಳುತ್ತಿದ್ದಾರೆ, ಎಲ್ಲ ಕಡೆಯೂ ಕೀಳಬೇಕು.

ಸರಿ, ಈಗ ನಿನ್ನ ಊರಿಗೆ ಬರುತ್ತೇನೆ.

ಪಾಂಟಿಪ್ರೀದ್ ದಾಟಿ ಮೇಲೆ ಹೋದರೆ ಅಬರ್‌ವ್ಯಾನ್ ಎಂಬ ಊರು. ದಾರಿ ಅದರ ಪಕ್ಕದಲ್ಲೇ ಹಾದು ಹೋಗುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಬಿಳಿ ಕಮಾನುಗಳ ಸಾಲು ಕಾಣಿಸುತ್ತದೆ. ಅವು ಮಕ್ಕಳ ಗೋರಿಗಳು. ಗಣಿಯಿಂದ ತೆಗೆದ ಕಸವನ್ನು ಇಲ್ಲಿ ಬೆಟ್ಟದ ಮೇಲೆ ಗುಡ್ಡೆ ಹಾಕುತ್ತಿದ್ದರು. ಒಂದು ಗುಡ್ಡೆಯ ಕೆಳಗೆ ನೀರಿನ ಒರತೆ ಇತ್ತು. 1966ರ ಅಕ್ಟೋಬರ್ 21ರ ಬೆಳಗ್ಗೆ, ಮಕ್ಕಳು ಆಗಷ್ಟೇ ತರಗತಿಯಲ್ಲಿ ಕೂತಿದ್ದಾಗ, ಆ ಗುಡ್ಡೆ ಕೆಸರಾಗಿ ಜಾರಿ ಶಾಲೆಯ ಮೇಲೆ ಬಂತು. ಸತ್ತವರು 144 ಜನ. ಅವರಲ್ಲಿ 116 ಮಕ್ಕಳು. ಗುಡ್ಡೆಯ ಬಗ್ಗೆ ಊರಿನವರು ಮೊದಲೇ ದೂರು ಕೊಟ್ಟಿದ್ದರು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಅಲ್ಲಿ ನಿಂತಾಗ ನನಗೆ ನಿಮ್ಮೂರಿನ ಸೈನೈಡ್ ಗುಡ್ಡಗಳು, ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ಆ ರಾಶಿಗಳು, ನೆನಪಾದವು. ನಿಮ್ಮ ಮನೆಗೆ ಬಂದಾಗ ಅದರ ಮೇಲೆ ಹತ್ತಿ ಸಂಜೆ ಕೂರುತ್ತಿದ್ದೆವು. ಬೇಸಿಗೆ ಗಾಳಿ ಎದ್ದರೆ ಒಣಗಲು ಹಾಕಿದ ಬಟ್ಟೆಯ ಮೇಲೆಲ್ಲ ಧೂಳು ಅಂತ ನಿಮ್ಮಮ್ಮ ಬೈಯುತ್ತಿದ್ದರು. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಗುಡ್ಡ ಅಲ್ಲೇ ಇದೆ. ಅಬರ್‌ವ್ಯಾನ್‌ನಲ್ಲಿ ಅಷ್ಟು ಮಕ್ಕಳು ಹೋದ ಮೇಲೆ ಉಳಿದ ಗುಡ್ಡೆಗಳನ್ನು ತೆಗೆದರು. ಅದಕ್ಕೂ ಸಂತ್ರಸ್ತರಿಗೆ ಜನ ಕೊಟ್ಟ ನಿಧಿಯಿಂದಲೇ ದುಡ್ಡು ಹಿಡಿದುಕೊಂಡರು. 1997ರಲ್ಲಿ ಅದನ್ನು ವಾಪಸ್ ಕೊಟ್ಟರು. ಓದಿದಾಗ ಕೈ ನಡುಗಿತು.

ಈಗ ಆ ಇಡೀ ಕಣಿವೆ ಹಸಿರು. ನದಿಯಲ್ಲಿ ಮೀನು ಹಿಡಿಯುತ್ತಾರೆ. ಹಕ್ಕಿಯ ದನಿ ಕೇಳುತ್ತದೆ. ನಾನು ಇಷ್ಟಪಟ್ಟು ಬರುವುದೇ ಈ ಮೌನಕ್ಕೆ. ಆದರೆ ಈ ಮೌನ ಎಲ್ಲಿಂದ ಬಂತು ಅಂತ ಯೋಚಿಸಿದರೆ ಎದೆ ಭಾರವಾಗುತ್ತದೆ. ಅಬರ್‌ವ್ಯಾನ್ ಪಕ್ಕದ ಗಣಿ 1989ರಲ್ಲಿ ಮುಚ್ಚಿತು. ಒಂದೊಂದಾಗಿ ಎಲ್ಲ ಮುಚ್ಚಿದವು. ಎಷ್ಟೋ ಹಾದಿಗಳಲ್ಲಿ ರೈಲು ಹೋಯಿತು, ಹಳಿ ಹೋಯಿತು. ಸಾವಿರಾರು ಮನೆಗಳಲ್ಲಿ ಬೆಳಗ್ಗೆ ಎದ್ದು ಹೋಗಲು ಜಾಗವಿಲ್ಲದಾಯಿತು. ಆಮೇಲೆ ಬಂತು ನನ್ನ ಸೈಕಲ್ ದಾರಿ.

ಒಂದು ಮಂಗಳವಾರ ಬೆಳಗ್ಗೆ ಅಲ್ಲಿನ ಬೆಂಚಿನ ಮೇಲೆ ಒಬ್ಬ ಅಜ್ಜ ಕೂತಿದ್ದರು. ಗಣಿಯಲ್ಲಿ ಕೆಲಸ ಮಾಡಿದವರು, ಮಾತಿಗೆ ಸಿಕ್ಕರು. "ಇವತ್ತು ಕೆಲಸ ಇಲ್ವಾ?" ಅಂದರು. ಸುಮ್ನೆ ಕೇಳಿದ್ದು. "ಇಲ್ಲ" ಅಂದೆ. ನನ್ನ ಮುಖ ನೋಡಿದರು. ಮತ್ತೇನೂ ಕೇಳಲಿಲ್ಲ. ಸ್ವಲ್ಪ ಸರಿದು ಕೂರಲು ಜಾಗ ಮಾಡಿಕೊಟ್ಟರು.

ಕೆಲಸ ಇಲ್ಲ ಕಣೋ. ಇಡೀ ತಂಡವನ್ನೇ ತೆಗೆದರು. ಇವಳಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಬೆಳಗ್ಗೆ ಎಂಟಕ್ಕೆ ಡಬ್ಬಿ ಕಟ್ಟಿಕೊಂಡು, ಹೆಲ್ಮೆಟ್ ಹಾಕಿಕೊಂಡು ಹೊರಡುತ್ತೇನೆ. ಸಂಜೆ ಬರುತ್ತೇನೆ. ಪಕ್ಕದ ಮನೆಯವರು ಕೈ ಬೀಸುತ್ತಾರೆ, ನಾನೂ ಬೀಸುತ್ತೇನೆ. ನೀನು ನೋಡಿದ ಫೋಟೋಗಳೆಲ್ಲ ಹಾಗೆ ತೆಗೆದವು. ವಾರದ ದಿನ ಇವನು ಹೇಗೆ ಇಷ್ಟು ಸುತ್ತುತ್ತಾನೆ ಅಂತ ಯಾರಾದರೂ ಕೇಳುತ್ತಾರೇನೋ ಅಂತ ಕಾಯುತ್ತಿದ್ದೆ. ಯಾರೂ ಕೇಳಲಿಲ್ಲ. ಆ ಅಜ್ಜ ಕೇಳಿದರು.

ಹಾಸ್ಟೆಲ್ಲಿನಲ್ಲಿ ಒಂದು ರಾತ್ರಿ ನೀನು ನಿಮ್ಮಪ್ಪನ ವಿಷಯ ಹೇಳಿದ್ದೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೂ ತಿಂಗಳುಗಟ್ಟಲೆ ಅವರು ಅದೇ ಹೊತ್ತಿಗೆ ಸ್ನಾನ ಮಾಡಿ, ಡಬ್ಬಿ ಹಿಡಿದು ಮನೆ ಬಿಡುತ್ತಿದ್ದರು. ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಹೋಗಿ ಕೂರುತ್ತಿದ್ದರು. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ಗಾಡಿ ಹೊರಟ ಮೇಲೂ ಅಲ್ಲೇ ಇರುತ್ತಿದ್ದರು. "ಯಾಕೆ ಹಾಗೆ ಮಾಡ್ತಿದ್ರೋ" ಅಂತ ನೀನು ಹೇಳಿ ಸುಮ್ಮನಾಗಿದ್ದೆ. ನನಗೂ ಗೊತ್ತಿರಲಿಲ್ಲ. ಈಗ ಗೊತ್ತು ಕಣೋ. ಡಬ್ಬಿ ಕಟ್ಟಿಕೊಂಡು ಎಲ್ಲಿಗಾದರೂ ಹೋಗಲೇಬೇಕು. ಹೋಗದಿದ್ದರೆ ಆ ದಿನವನ್ನು ಯಾವ ಕಡೆಯಿಂದ ಹಿಡಿಯಬೇಕು ಅಂತ ತಿಳಿಯುವುದಿಲ್ಲ. ನನಗೆ 88 ಕಿಲೋಮೀಟರ್ ಪಾರ್ಕು, ಬೆಟ್ಟ, ನದಿ ಇದೆ. ಅವರಿಗೆ ಒಂದು ಪ್ಲಾಟ್‌ಫಾರಂ ಇತ್ತು.

ಅದಕ್ಕೇ ಒಂದು ಮಾತು. ನಿಮ್ಮೂರಿನಲ್ಲೂ ಇಂಥ ಸೈಕಲ್ ದಾರಿ ಆಗಬೇಕು ಅಂತ ನೀನು ಬರೆದಿದ್ದೆ. ಆಗಲಿ, ಕೆರೆ ಏರಿಯ ಮೇಲೆ ಆಗಲಿ, ಗಣಿ ಜಾಗದಲ್ಲಿ ಗಿಡ ನೆಟ್ಟು, ಧೂಳು ಅಡಗಿಸಿ ಆಗಲಿ. ಆದರೆ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಬರುವ ರೈಲು ಹಾದಿ ಯಾವತ್ತೂ ಸೈಕಲ್ ದಾರಿ ಆಗಬಾರದು. ಅದು ಓಡುತ್ತಲೇ ಇರಬೇಕು. ಕತ್ತಲಿರುವಾಗಲೇ ಕೋರಮಂಡಲ್, ಚಾಂಪಿಯನ್ ಸ್ಟೇಷನ್ನುಗಳಲ್ಲಿ ಡಬ್ಬಿ ಹಿಡಿದು ನಿಂತವರಿಗೆ ಹೋಗಲು ಒಂದು ಜಾಗ ಇನ್ನೂ ಉಳಿದಿರುವುದು ಅದರಿಂದ. ನಾನು ಇಲ್ಲಿನ ದಾರಿಯನ್ನು ಪ್ರಾಣದಷ್ಟು ಪ್ರೀತಿಸುತ್ತೇನೆ. ಆದರೂ ಅಬರ್‌ವ್ಯಾನ್‌ನ ಜನಕ್ಕೆ ಯಾರಾದರೂ ಮೊದಲೇ ಕೇಳಿದ್ದರೆ ಅವರು ಈ ದಾರಿ ಬೇಕು ಅನ್ನುತ್ತಿದ್ದರಾ?

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಬರೆದಾಯಿತು, ಅಳಿಸುವುದಿಲ್ಲ. ಅಮ್ಮ ಇದನ್ನು ನೋಡುವುದಿಲ್ಲ, ಆದರೆ ಅತ್ತಿಗೆ ನೋಡುತ್ತಾರೆ. ಅತ್ತಿಗೆ, ಅಮ್ಮನಿಗೆ ಹೇಳಬೇಡಿ, ಇವತ್ತು ರಾತ್ರಿ ನಾನೇ ಫೋನ್ ಮಾಡುತ್ತೇನೆ. ಗಾಬರಿಯಾಗುವಂಥದ್ದು ಏನಿಲ್ಲ. ಇಲ್ಲಿರಲು ಕಾಗದಪತ್ರದ ತೊಂದರೆ ಇಲ್ಲ, ಇವಳ ಕೆಲಸ ಇದೆ, ಎರಡು ಕಡೆ ಮಾತುಕತೆ ನಡೆಯುತ್ತಿದೆ.

ಸೂಪರ್‌ವೈಸರ್ ಸಾಹೇಬರೇ, ನೀವು ಕಣ್ಣು ಒರೆಸಿಕೊಂಡು ಟಿಕೆಟ್ ರೇಟು ನೋಡಿ. ಜೂನ್ ತಿಂಗಳಿಗೆ ಬಾ. ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ, ನೀನು ಪ್ರತಿ ಸೇತುವೆಗೂ ನಿಲ್ಲಿಸಿ ಭಾಷಣ ಮಾಡಿದರೂ ಹೊತ್ತು ಸಾಲುತ್ತದೆ. ಮೊದಲ ದಿನ ಸೈಕಲ್ಲನ್ನು ಟ್ರೇನಿಗೆ ಹತ್ತಿಸಿಕೊಂಡು ಮರ್ಥರ್‌ಗೆ ಹೋಗೋಣ. ಅಲ್ಲಿಂದ ಕಾರ್ಡಿಫ್‌ಗೆ ನದಿಯ ಜೊತೆ ಇಳಿಯುವುದೇ ಜಾಸ್ತಿ, ನಿನ್ನ ಮಂಡಿಗೂ ಒಗ್ಗುತ್ತದೆ. ಪಾಂಟಿಪ್ರೀದ್‌ನಲ್ಲಿ 1756ರ ಒಂದು ಕಲ್ಲಿನ ಸೇತುವೆ ತೋರಿಸಬೇಕು. ಒಂದೇ ಕಮಾನು. ಮೊದಲು ಕಟ್ಟಿದ್ದು ಉಳಿಯಲಿಲ್ಲ ಅಂತ, ಭಾರ ಕಮ್ಮಿ ಮಾಡಲು ಎರಡೂ ಪಕ್ಕದಲ್ಲಿ ದೊಡ್ಡ ದೊಡ್ಡ ದುಂಡನೆಯ ತೂತು ಬಿಟ್ಟು ಕಟ್ಟಿದ್ದಾರೆ. ನೀನು ಸಿವಿಲ್ ಓದಿದವನು, ಅರ್ಧ ಗಂಟೆ ಅಲ್ಲೇ ಹೋಗುತ್ತದೆ ಅಂತ ನನಗೆ ಗೊತ್ತು. ಕಾಲು ಪಳಗಿದ ಮೇಲೆ ಬ್ರೆಕನ್.

ನಿಮ್ಮಪ್ಪನಿಗೆ ಈ ಪತ್ರ ಓದಿ ಹೇಳು. ಸ್ಟೇಷನ್ನಿನಲ್ಲಿ ದಿನವಿಡೀ ಕೂತು ಏನು ಮಾಡುತ್ತಿದ್ದರು ಅಂತ ನಾನು ಕೇಳಿದೆ ಅನ್ನು. ಅವರು ಹೇಳಿದರೆ ಹಾಗೇ ಬರೆದು ಕಳಿಸು.

ಬರುವಾಗ ಬಂಗಾರಪೇಟೆ ಪಾನಿಪುರಿ ಮಸಾಲೆ ತಾ, ಎರಡನೇ ಪ್ಲೇಟಿನ ವಿಷಯ ಇಲ್ಲಿಗೆ ಬಂದ ಮೇಲೆ ಇತ್ಯರ್ಥ ಮಾಡೋಣ. ಸೈಕಲ್ ಇನ್ನೊಂದಿದೆ, ಹೆಲ್ಮೆಟ್ ನಾನು ಕೊಳ್ಳುತ್ತೇನೆ. ನಿನ್ನ ತಲೆ ಸುತ್ತಳತೆ ಮಾತ್ರ ಕಳಿಸು.

ನಿನ್ನ,
ಕಿಟಕಿ ಸೀಟಿನವನು