ಪ್ರಾಮಂಟರಿಯ ಚಿನ್ನದ ಮೊಳೆ, ನಮ್ಮ ಮಕ್ಕಳ ಪತ್ರಗಳು

ಆತ್ಮೀಯರೇ,

ಯುಗಾದಿ ಸಂಚಿಕೆ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಹಬ್ಬದ ಬಗ್ಗೆ ಬರೆಯಬೇಕೆಂದಿದ್ದೆ. ಆದರೆ ನಮ್ಮ ಕನ್ನಡ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಮನಸ್ಸಿನಿಂದ ಹೋಗುತ್ತಿಲ್ಲ. "ಅಂಕಲ್, ಚಿನ್ನದ ಮೊಳೆ ಹೊಡೆದದ್ದು ನಮ್ಮ ಯೂಟಾದಲ್ಲಿ, ಅದು ಕ್ಯಾಲಿಫೋರ್ನಿಯಾದಲ್ಲಿ ಯಾಕಿದೆ?" ಅಮೆರಿಕದ ಪೂರ್ವ-ಪಶ್ಚಿಮಗಳನ್ನು ಜೋಡಿಸಿದ ಮೊದಲ ರೈಲುಮಾರ್ಗದ ಐತಿಹಾಸಿಕ ವಸ್ತುಗಳನ್ನು ಇಲ್ಲಿಗೆ ಮರಳಿ ತರಿಸಬೇಕೆಂದು ಅವಳೂ ಸಹಪಾಠಿಗಳೂ ಶಾಸಕರಿಗೆ ಪತ್ರ ಬರೆಯುತ್ತಿದ್ದಾರೆ.

1869ರ ಮೇ 10ರಂದು ಸೆಂಟ್ರಲ್ ಪೆಸಿಫಿಕ್ ಮತ್ತು ಯೂನಿಯನ್ ಪೆಸಿಫಿಕ್ ಎಂಬ ಎರಡು ರೈಲು ಕಂಪನಿಗಳ ಹಳಿಗಳು ಯೂಟಾದ ಪ್ರಾಮಂಟರಿ ಸಮ್ಮಿಟ್‌ನಲ್ಲಿ ಕೂಡಿದವೆಂಬುದು, ಆ ಸಮಾರಂಭದಲ್ಲಿ ಚಿನ್ನದ ಮೊಳೆ ಇಳಿಸಿದರೆಂಬುದು ಇಲ್ಲಿನ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಆದರೆ ಆ ಮೊಳೆಯನ್ನು ಮಾಡಿಸಿದವರು ಸ್ಯಾನ್ ಫ್ರಾನ್ಸಿಸ್ಕೋದ ಡೇವಿಡ್ ಹ್ಯೂಸ್. ಮೊದಲೇ ಕೊರೆದಿಟ್ಟ ತೂತಿನಲ್ಲಿ ಅದನ್ನು ಇಳಿಸಿ, ಸಮಾರಂಭ ಮುಗಿದೊಡನೆ ತೆಗೆದು ಕೊಂಡೊಯ್ದರು. ಈಗದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ಯಾಂಟರ್ ಕಲಾಕೇಂದ್ರದಲ್ಲಿದೆ. ಇಷ್ಟನ್ನೂ ವಿವರಿಸಿದಾಗ ಅವಳು, "ಇಲ್ಲಿಗೆ ಬಾರದೆ ಹೋಗಿದ್ದರೆ ಅದು ಬರೀ ಬಂಗಾರದ ತುಂಡು, ಅಷ್ಟೇ" ಎಂದಳು. ಹುಟ್ಟಿದ ಊರಿಗಿಂತ, ಅರ್ಥ ಪಡೆದ ಊರನ್ನೇ ಮನೆಯೆಂದು ಕರೆಯುವ ಈ ಮಕ್ಕಳ ವಾದವನ್ನು ನಾನು ಮನಸಾರೆ ಒಪ್ಪುತ್ತೇನೆ.

ಒಪ್ಪಲು ಇನ್ನೊಂದು ಕಾರಣವೂ ಉಂಟು. ಬ್ರಿಗಮ್ ಸಿಟಿಯಿಂದ ಪಶ್ಚಿಮಕ್ಕೆ 32 ಮೈಲಿ ದೂರದ ಆ ಬಯಲಿಗೆ ನಾವು ಕೆಲವು ಕುಟುಂಬಗಳು ಸೇರಿ ಒಂದು ಬೇಸಿಗೆಯಲ್ಲಿ ಹೋಗಿದ್ದೆವು. ಎದುರುಬದುರಾಗಿ ನಿಂತ ಎರಡು ಎಂಜಿನ್‌ಗಳು ಬಿಸಿಲಿಗೆ ಫಳಫಳಿಸುತ್ತಿದ್ದವು; ಸೌದೆ ಉರಿಸುವ ಜುಪಿಟರ್‌ಗೆ ಬಾಯಗಲಿಸಿದ ದಪ್ಪ ಚಿಮಣಿ, ಕಲ್ಲಿದ್ದಲಿನ 119ಕ್ಕೆ ನೆಟ್ಟಗಿನ ಕೊಳವೆ. ಮಕ್ಕಳು ಕುಣಿದಾಡುತ್ತಿದ್ದಾಗಲೇ ಅಲ್ಲಿನ ಮಾರ್ಗದರ್ಶಕರು, ಇವೆರಡೂ 1979ರಲ್ಲಿ ತಯಾರಾದ ಪ್ರತಿಕೃತಿಗಳೆಂದೂ ಮೂಲ ಎಂಜಿನ್‌ಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಗುಜರಿಗೆ ಹೋದವೆಂದೂ ಹೇಳಿದರು. ಮೊಳೆಯನ್ನು ಇಳಿಸಿದ ಲಾರೆಲ್ ಮರದ ಸ್ಲೀಪರ್ (ಹಳಿಗಳ ಅಡಿಯ ಅಡ್ಡತೊಲೆ) 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ಬೆಂಕಿಯಲ್ಲಿ ಸುಟ್ಟುಹೋಗಿದೆ. ಹಳೆಯ ಹಳಿಗಳನ್ನು 1942ರಲ್ಲಿ ಯುದ್ಧದ ಅಗತ್ಯಕ್ಕೆಂದು ಕಿತ್ತುಹಾಕಿದ್ದಾರೆ. ಮೂಲದ್ದೆಂದು ಮುಟ್ಟಿ ನೋಡಲು ಅಲ್ಲಿ ಉಳಿದಿರುವುದು ಬಹುಮಟ್ಟಿಗೆ ಹಳಿ ಹಾಸಲು ಕಟ್ಟಿದ ಮಣ್ಣಿನ ದಿಬ್ಬಗಳು ಮಾತ್ರ. ಅದೇ ಸಮಾರಂಭಕ್ಕೆ ಅರಿಜೋನಾದಿಂದ ಬಂದಿದ್ದ ಇನ್ನೊಂದು ಮೊಳೆಯಂತೂ 2023ರಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ 20 ಲಕ್ಷ ಡಾಲರಿಗೂ ಮಿಕ್ಕಿದ ಬೆಲೆಗೆ ಮಾರಾಟವಾಯಿತು. ಕೇಳುವುದಿದ್ದರೆ ಈಗಲೇ ಕೇಳಬೇಕು.

ಮಕ್ಕಳಿಗೆ ನನ್ನದೊಂದು ಸಲಹೆಯಿದೆ. ಚಿನ್ನದ ಮೊಳೆಯ ಮೇಲೆ ಕೆತ್ತಿರುವುದು ರೈಲು ಕಂಪನಿಯ ಅಧಿಕಾರಿಗಳ, ನಿರ್ದೇಶಕರ ಹೆಸರುಗಳನ್ನು. ಈ ಮಾರ್ಗಕ್ಕಾಗಿ ಸಿಯೆರಾ ನೆವಾಡಾ ಪರ್ವತಗಳ ಗ್ರಾನೈಟ್ ಬಂಡೆಗಳಲ್ಲಿ ಸುರಂಗ ಕೊರೆದ ಸಾವಿರಾರು ಚೀನೀ ಕಾರ್ಮಿಕರಲ್ಲಿ ಒಬ್ಬರ ಹೆಸರೂ ಅದರಲ್ಲಿಲ್ಲ. ಮೊಳೆ ಬರುವುದಾದರೆ ಅದರ ಪಕ್ಕದಲ್ಲಿ ಅವರ ಕಥೆಗೂ ಅಷ್ಟೇ ದೊಡ್ಡ ಜಾಗ ಬೇಕೆಂದು ಪತ್ರದಲ್ಲಿ ಸೇರಿಸಿರಿ. ಸಮುದ್ರ ದಾಟಿ ಬಂದವರ ಮಕ್ಕಳು ನೀವು. ಇದನ್ನು ನೀವೇ ಕೇಳಬೇಕು. ಶಾಶ್ವತವಾಗಿ ಕೊಡಲಾಗದಿದ್ದರೆ ದೀರ್ಘಕಾಲದ ಎರವಲನ್ನಾದರೂ ಕೇಳಬಹುದು. 150ನೆಯ ವರ್ಷಾಚರಣೆಗೆ, 2019ರಲ್ಲಿ, ಅದು ಯೂಟಾಕ್ಕೆ ಬಂದಿತ್ತಲ್ಲ.

ಇನ್ನು ಸೂಚನೆಗಳು, ಅವಸರದಲ್ಲಿ: ಯುಗಾದಿ ಕಾರ್ಯಕ್ರಮದಲ್ಲಿ ಮಕ್ಕಳ ಪತ್ರಗಳಿಗೆ ಸಹಿ ಹಾಕಲು ಬಾಗಿಲ ಬಳಿ ಮೇಜು ಇರುತ್ತದೆ. ಮೇ 10ರ ವಾರ್ಷಿಕ ಮರುಪ್ರದರ್ಶನಕ್ಕೆ ಪ್ರಾಮಂಟರಿಗೆ ಹೋಗುವವರು ಏಪ್ರಿಲ್ ಕೊನೆಯೊಳಗೆ ಹೆಸರು ಕೊಡಿ. ಕುಡಿಯುವ ನೀರು, ಟೋಪಿ ಮರೆಯಬೇಡಿ. ಕಾರಿನಲ್ಲಿ ಜಾಗವಿರುವವರು ದಯವಿಟ್ಟು ತಿಳಿಸಿ, ಹೊರಟಿರುವ ಮಕ್ಕಳು ಹೆಚ್ಚು, ಕಾರುಗಳು ಕಡಿಮೆ. ಮತ್ತೊಂದು ಕೋರಿಕೆ: ಮುಂದಿನ ಸಂಚಿಕೆಗೆ ಕರಡು ತಿದ್ದಲು, ಪುಟ ಜೋಡಿಸಲು ನನ್ನ ಜೊತೆ ಒಬ್ಬರಾದರೂ ಬೇಕು. ಒಬ್ಬನಿಂದ ಸಾಗುತ್ತಿಲ್ಲ. ಆ ಸಂಚಿಕೆಯಲ್ಲಿ ಮಕ್ಕಳ ಪತ್ರಗಳನ್ನು ಕನ್ನಡದಲ್ಲೇ ಪ್ರಕಟಿಸುವ ಆಸೆಯಿದೆ, ತಂದೆತಾಯಿಯರು ಕೂತು ಬರೆಸಿ ಕಳುಹಿಸಿ.

ನಿಮ್ಮ,
ಸಂಪಾದಕ