ಮೊದಲು ಒತ್ತಕ್ಷರ ನೋಡು

ಪ್ರಿಯ ಗೆಳೆಯ,

ಅಂಚೆಯಲ್ಲಿ ನಿನಗೊಂದು ಪುಸ್ತಕ ಬರುತ್ತದೆ. 24 ಪುಟ, ಮಕ್ಕಳ ಕಥೆ. ಕಥೆ ಆಮೇಲೆ ಓದು, ಚಿತ್ರವನ್ನೂ ಆಮೇಲೆ ನೋಡು. ಮೊದಲು ಅಕ್ಷರ. ಆ ಫಾಂಟು ನಮ್ಮ ಹುಡುಗಿಯದು, ನನ್ನ ತರಗತಿಯಲ್ಲಿ ಅಕ್ಷರ ಬರೆಯಲು ಕಲಿತವಳು. ಮೇಷ್ಟ್ರ ಹೊಗಳಿಕೆಗೆ ನೀನು ಬಗ್ಗುವವನಲ್ಲ, ಜನ್ಮವಿಡೀ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿದವನು. ಅದಕ್ಕೇ ಹೊಗಳುವುದನ್ನು ಬಿಟ್ಟು, ಎಲ್ಲೆಲ್ಲಿ ಕಣ್ಣಿಡಬೇಕು ಅಂತ ಬರೆಯುತ್ತೇನೆ.

ಒಂದನೇ ಕ್ಲಾಸಿನ ಮಕ್ಕಳು ರ, ಗ, ಸ, ದ, ಅ ಅಂತ ಶುರು ಮಾಡುತ್ತಾರಲ್ಲ, ಅವಳೂ ಅಲ್ಲಿಂದಲೇ ಶುರು ಮಾಡಿದ್ದಾಳೆ. ರ ಸರಿ ಬಂದರೆ ಠ ಮುಗಿದಂತೆ, ಒಳಗೊಂದು ಚುಕ್ಕೆ ಇಟ್ಟರಾಯಿತು. ದ ಬಂದರೆ ಹೊಟ್ಟೆ ಸೀಳಿ ಧ. ಆದರೆ ಥ ಹಾಗಲ್ಲ. ಅದಕ್ಕೆ ಸೀಳೂ ಬೇಕು, ಚುಕ್ಕೆಯೂ ಬೇಕು. ದ ಅಳತೆಯ ಹೊಟ್ಟೆಯಲ್ಲೇ ಎರಡನ್ನೂ ತುರುಕಿದರೆ ಸಣ್ಣ ಅಚ್ಚಿನಲ್ಲಿ ಇಂಕು ಕಟ್ಟಿಕೊಂಡು ‘ರಥ’ ‘ರಧ’ ಆಗುತ್ತದೆ. ಅವಳು ಥ ಹೊಟ್ಟೆಯನ್ನು ತುಸು ಅಗಲ ಮಾಡಿ, ಚುಕ್ಕೆಯನ್ನು ಸೀಳಿನಿಂದ ದೂರ ಮೇಲಕ್ಕೆ ಸರಿಸಿದ್ದಾಳೆ. ದ ಪಕ್ಕ ಥ ಇಟ್ಟು ಅಳೆದರೆ ಮಾತ್ರ ವ್ಯತ್ಯಾಸ ಸಿಗುತ್ತದೆ, ಓದುವಾಗ ಗೊತ್ತಾಗುವುದಿಲ್ಲ.

ಈಗ ಒತ್ತು. ನಿಜವಾದ ಕೆಲಸ ಇರುವುದು ಇಲ್ಲೇ.

34 ವ್ಯಂಜನಕ್ಕೂ ಒಂದೊಂದು ಒತ್ತು. ಅದರಲ್ಲಿ ತ, ನ, ಮ, ಯ, ರ, ಲ ಈ ಆರಕ್ಕೆ ಬೇರೆಯದೇ ಆಕಾರ ಇದೆ. ಉಳಿದವು ಹೆಚ್ಚುಕಡಿಮೆ ತಲೆಕಟ್ಟು ತೆಗೆದ ಸಣ್ಣ ಅಕ್ಷರಗಳು. ಅವಸರದವರು ಏನು ಮಾಡುತ್ತಾರೆ? ಕ ತೆಗೆದುಕೊಂಡು, ತಲೆಕಟ್ಟು ಕತ್ತರಿಸಿ, ಕಂಪ್ಯೂಟರಿನಲ್ಲಿ ಕುಗ್ಗಿಸಿ ಕೆಳಗೆ ಅಂಟಿಸುತ್ತಾರೆ. ಅಕ್ಷರ ಕುಗ್ಗಿದಂತೆ ಗೆರೆಯೂ ಕುಗ್ಗುತ್ತದಲ್ಲ! ಮೂಲದ ಗೆರೆ ಫಾಂಟಿನ ಅಳತೆಯಲ್ಲಿ 72 ಅಂಶ ದಪ್ಪ ಇದ್ದರೆ, ನೂರಕ್ಕೆ 60 ಪಾಲಿಗೆ ಇಳಿಸಿದಾಗ 43 ಉಳಿಯುತ್ತದೆ. ಆಮೇಲೆ ‘ಅಕ್ಕ’ ಅಂತ ಅಚ್ಚು ಹಾಕಿ ನೋಡು: ಮೇಲಿನ ಕ ಕರ್ರಗೆ, ಕೆಳಗಿನದು ಪೆನ್ಸಿಲಿನಲ್ಲಿ ಬರೆದಂತೆ ಪೇಲವ. ಇವಳು ಪ್ರತಿ ಒತ್ತನ್ನೂ ಹೊಸದಾಗಿ ಬರೆದು ಗೆರೆಯನ್ನು 62ಕ್ಕೆ ನಿಲ್ಲಿಸಿದ್ದಾಳೆ. ದಪ್ಪ ಉಳಿಸಿಕೊಂಡ ಮೇಲೆ ಒಳಗಿನ ಬಯಲು ಮುಚ್ಚಿಹೋಗುವ ಭಯ. ಅದಕ್ಕೆ ಒತ್ತನ್ನೇ ಕೊಂಚ ದೊಡ್ಡದು ಮಾಡಿದ್ದಾಳೆ, ಅಕ್ಷರದ ಮೂರರಲ್ಲಿ ಎರಡು ಪಾಲಿನಷ್ಟು. ಒತ್ತು ಅಕ್ಷರದ ಅರ್ಧ ಇರಬೇಕು ಅಂತ ಹೇಳಿಕೊಟ್ಟವನು ನಾನೇ. ಗೋಡೆಯ ಮೇಲೆ ಅಡಿಯೆತ್ತರ ಬರೆಯುವಾಗ ಆ ಲೆಕ್ಕ ಸರಿ, ಪುಸ್ತಕಕ್ಕೆ ತಪ್ಪು. ನನ್ನ ಮಾತು ಮೀರಿದ್ದಕ್ಕೇ ಈ ಫಾಂಟು ಗೆದ್ದಿದೆ.

ಎರಡೆರಡು ಒತ್ತು ಬಂದಾಗ ಇನ್ನೊಂದು ಫಜೀತಿ. ‘ರಾಷ್ಟ್ರ’, ‘ಶಾಸ್ತ್ರ’. ಎರಡನೆಯ ಒತ್ತನ್ನು ಮೊದಲನೆಯದರ ಕೆಳಗೇ ಇಳಿಸಿದರೆ ಮುಂದಿನ ಸಾಲಿನ ಗುಡಿಸಿನ ನೆತ್ತಿಗೆ ತಾಗುತ್ತದೆ. ನೀನಾದರೆ ನಡುವೆ ಇನ್ನೊಂದು ಸೀಸದ ಪಟ್ಟಿ ಹಾಕಿ ಬಿಡಿಸುತ್ತಿದ್ದೆ. ಕೆಳಗಿಳಿಸುವ ಬದಲು ಪಕ್ಕಕ್ಕೆ ಇಟ್ಟರೆ ಪದದ ನಡುವೆ ಬಾವಿಯಂಥ ಬಿಳಿ ಜಾಗ ಬೀಳುತ್ತದೆ, ಓದುವ ಮಗು ಅಲ್ಲೇ ಪದ ಮುಗಿಯಿತು ಅಂದುಕೊಳ್ಳುತ್ತದೆ. ಇವಳು ಪಕ್ಕಕ್ಕೇ ಇಟ್ಟು, ಮುಂದಿನ ಅಕ್ಷರಕ್ಕೆ ಒತ್ತಿಲ್ಲದಿದ್ದರೆ ಅದನ್ನು ಹಿಂದಕ್ಕೆ ಎಳೆದುಕೊಂಡು ಈ ಒತ್ತಿನ ಮೇಲೆ ಕೂರಿಸುವ ನಿಯಮ ಬರೆದಿದ್ದಾಳೆ. ‘ರಾಷ್ಟ್ರಗೀತೆ’ಯಲ್ಲಿ ಗೀ ಹಾಗೆ ಕೂತಿದೆ. ‘ಸ್ವಾತಂತ್ರ್ಯಕ್ಕೆ’ಯಲ್ಲಿ ಮುಂದಿನ ಕ ತನ್ನದೇ ಒತ್ತು ಹೊತ್ತು ಬರುತ್ತದೆ, ಅಲ್ಲಿ ನಿಯಮ ತಾನಾಗಿಯೇ ಸುಮ್ಮನಿರುತ್ತದೆ. ಪುಸ್ತಕದ ಅಕ್ಷರ 18 ಪಾಯಿಂಟು, ಸಾಲಿಂದ ಸಾಲಿಗೆ 30. ಇಷ್ಟು ಬಿಟ್ಟರೆ ಎಲ್ಲೂ ತಾಗುವುದಿಲ್ಲ. 24ಕ್ಕೆ ಇಳಿಸಿದರೆ ಗ್ಯಾರಂಟಿ ಇಲ್ಲ.

ತಲೆಕಟ್ಟಿನ ವಿಷಯ. ಖ, ಙ, ಜ, ಞ, ಟ, ಣ, ಬ, ಲ ಈ ಎಂಟಕ್ಕೆ ತಲೆಕಟ್ಟಿಲ್ಲ. ಹಾಗಾಗಿ ಗುಡಿಸು ಸೇರುವ ಜಾಗ ಪ್ರತಿಯೊಂದಕ್ಕೂ ಬೇರೆ. ಒಂದೇ ಗುಡಿಸನ್ನು ಎಲ್ಲಕ್ಕೂ ಅಂಟಿಸಿದರೆ ‘ಜಿ’ಯಲ್ಲಿ ಗಂಟು ಬೀಳುತ್ತದೆ. ‘ಕಿ’ಯಿಂದ ‘ಳಿ’ವರೆಗೆ 34ನ್ನೂ ಬಿಡಿಬಿಡಿಯಾಗಿ ಬರೆದಿದ್ದಾಳೆ. ಕೊಂಬೂ ಅಷ್ಟೇ. ವ ಪಕ್ಕದಲ್ಲಿ ಮಾಮೂಲಿ ಕೊಂಬು ಎಳೆದರೆ ಅದು ‘ವು’ ಆಗುವುದಿಲ್ಲ, ಮ ಆಗುತ್ತದೆ! ಅದಕ್ಕೇ ಪು, ವು, ಫು ಮೂರರ ಕೊಂಬು ಕೆಳಗಿಳಿಯುವುದು. ಹಲವು ಫಾಂಟುಗಳಲ್ಲಿ ಆ ಇಳಿತ ಎಷ್ಟು ಮೋಟು ಅಂದರೆ, ಮಗು ‘ಹೂವು’ ಓದುವಾಗ ತಡವರಿಸುತ್ತದೆ. ಪುಟ 9ರಲ್ಲಿ ಹೂವು, ಹಾವು, ಮಾವು ಮೂರೂ ಒಟ್ಟಿಗೆ ಬಂದಿವೆ, ನೋಡು.

ಸೊನ್ನೆ: ಪದದೊಳಗಿನ ಅನುಸ್ವಾರ ಚಿಕ್ಕದು, ಅಂಕಿಯ ೦ ದೊಡ್ಡದು. ಅರ್ಕಾವೊತ್ತಿಗೂ ೯ಕ್ಕೂ ಅಂಥದ್ದೇ ನಂಟು, ಅಲ್ಲೂ ಬಾಲದ ತಿರುವು ಬೇರೆ ಮಾಡಿದ್ದಾಳೆ.

ತಪ್ಪಿಲ್ಲವೇ ಅಂತ ಕೇಳುತ್ತೀಯ. ಇದೆ. ‘ತ್ರೈಮಾಸಿಕ’ ಅಂತ ಹೊಡೆದರೆ ರ ಒತ್ತೂ ಐತ್ವದ ಕೆಳಗಿನ ಸುರುಳಿಯೂ ಒಂದೇ ಜಾಗಕ್ಕೆ ಬಂದು ಜಗಳವಾಡುತ್ತವೆ. ಮಕ್ಕಳ ಕಥೆಯಲ್ಲಿ ಆ ಪದ ಬರಲಿಲ್ಲ, ಹಾಗಾಗಿ ಉಳಿದುಕೊಂಡಿದೆ. ಇಡೀ ಞ ಕೂಡ ಸೋಮಾರಿ ಕೈಯದು. ಆದರೆ ಞ ಒತ್ತು ಅಚ್ಚುಕಟ್ಟಾಗಿದೆ. ಜಾಣೆ! ಬಿಡಿ ಞ ಅಪರೂಪ, ‘ಜ್ಞಾನ’, ‘ಆಜ್ಞೆ’ ದಿನಾ ಬರುತ್ತವೆ ಅಂತ ಅವಳಿಗೆ ಗೊತ್ತು.

ನಿಮ್ಮ ಪ್ರೆಸ್ಸಿನ ಹುಡುಗರಿಗೂ ಫಾಂಟು ಕಳಿಸುತ್ತಾಳಂತೆ. ಅವರಿಗೆ ಎರಡು ಮಾತು ಹೇಳು. ಹಳೆಯ ‘ನುಡಿ’ ತಂತ್ರಾಂಶದ ಫೈಲುಗಳನ್ನು ಮೊದಲು ಯೂನಿಕೋಡಿಗೆ ಬದಲಾಯಿಸಲಿ, ಇಲ್ಲದಿದ್ದರೆ ಕನ್ನಡದ ಬದಲು ಕಸ ಬೀಳುತ್ತದೆ. ಇನ್‌ಡಿಸೈನಿನಲ್ಲಿ ಪುಟ ಜೋಡಿಸುವಾಗ ವರ್ಲ್ಡ್-ರೆಡಿ ಕಂಪೋಸರ್ ಅನ್ನುವ ಆಯ್ಕೆಯನ್ನು ಆರಿಸಿಕೊಳ್ಳಲಿ, ಅದಿಲ್ಲದೆ ಒತ್ತುಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಬೈಗುಳ ಫಾಂಟಿಗೆ ಬರುತ್ತದೆ.

ನೀನು ಮಾಡಬೇಕಾದ ಕೆಲಸ ಒಂದೇ. ನ್ಯೂಸ್‌ಪ್ರಿಂಟಿನ ಮೇಲೆ, 10 ಪಾಯಿಂಟಿನಲ್ಲಿ, ‘ಸಾಮರ್ಥ್ಯ’ ಅಂತ ಹತ್ತು ಸಾಲು ಹೊಡೆಸು. ಥ, ಯ ಒತ್ತು, ಅರ್ಕಾವೊತ್ತು ಮೂರೂ ಅಲ್ಲಿ ಒಟ್ಟಿಗೆ ಸಿಗುತ್ತವೆ. ಭೂತಗನ್ನಡಿ ಹಿಡಿದು, ಥ ಚುಕ್ಕೆ ಎಷ್ಟು ಸಾಲಿನಲ್ಲಿ ತುಂಬಿಕೊಂಡಿದೆ ಎಣಿಸಿ ನೇರವಾಗಿ ಅವಳಿಗೇ ಬರೆ. ನನ್ನ ಕೈಗೆ ಕೊಡಬೇಡ. ಮೇಷ್ಟ್ರು ಅಂದರು ಅಂತ ಬೇಡದ್ದನ್ನೂ ತಿದ್ದಿಬಿಟ್ಟಾಳು.

ನಿನ್ನ
ಗೆಳೆಯ