ಸಿದ್ದರಾಮಯ್ಯನವರೇ, ನಿಮ್ಮ ಗ್ಯಾರಂಟಿ ಲೈನ್ ಮನೆಗೆ ತಲುಪುತ್ತಾ?

ಗೆ,
ಶ್ರೀ ಸಿದ್ದರಾಮಯ್ಯನವರು
ವಿರೋಧ ಪಕ್ಷದ ನಾಯಕರು, ಕರ್ನಾಟಕ ವಿಧಾನಸಭೆ

ಏಪ್ರಿಲ್ 2023

ಮಾನ್ಯರೇ, ನಮಸ್ಕಾರ.

ಮೇ 10ಕ್ಕೆ ಓಟು. ನಿಮ್ಮ ಪ್ರಣಾಳಿಕೆ ಇನ್ನೂ ಬಂದಿಲ್ಲ. ಅಚ್ಚಾದ ಮೇಲೆ ಬರೆದು ಏನು ಪ್ರಯೋಜನ ಅಂತ ಈಗಲೇ ಬರೆಯುತ್ತಿದ್ದೇನೆ. ವಿಷಯ ಲೈನ್ ಮನೆಗಳದ್ದು, ಅಂದರೆ ಕಾಫಿ ತೋಟದ ಕೂಲಿಯವರು ಇರುವ ಸಾಲು ಕೋಣೆಗಳದ್ದು.

ನಾನು ವಿರಾಜಪೇಟೆ ಕ್ಷೇತ್ರದ ಮತದಾರ. ಸಿದ್ದಾಪುರದ ಕಡೆ ನಾಲ್ಕು ಎಕರೆ ಕಾಫಿ, ಮರಕ್ಕೆ ಹಬ್ಬಿಸಿದ ಒಂದಿಷ್ಟು ಕರಿಮೆಣಸು. ಯಾವ ಪಕ್ಷದ ಸದಸ್ಯನೂ ಅಲ್ಲ. ಯಾರಿಗೆ ಓಟು ಹಾಕುತ್ತೇನೆ ಅನ್ನೋದನ್ನು ಮನೆಯಲ್ಲೂ ಹೇಳುವುದಿಲ್ಲ. ಹೇಳಿದರೆ ಊಟದ ಹೊತ್ತಿಗೇ ಜಗಳ ಶುರುವಾಗುತ್ತದೆ.

ಕೊಡಗಿನಲ್ಲಿ ಇರೋದು ಎರಡೇ ಸೀಟು. 224ರಲ್ಲಿ ಎರಡು. 2008, 2013, 2018, ಮೂರು ಸಲವೂ ಎರಡೂ ಬಿಜೆಪಿಗೇ ಹೋದವು. 2013ರಲ್ಲಿ ರಾಜ್ಯ ನಿಮ್ಮ ಕೈಗೆ ಬಂದಾಗಲೂ ಕೊಡಗು ಬರಲಿಲ್ಲ. ಹಾಗಾಗಿ ನಿಮ್ಮವರದ್ದು ಒಂದು ಲೆಕ್ಕ: ಅಲ್ಲಿ ಹೇಗೂ ಗೆಲ್ಲೋದಿಲ್ಲ, ಯಾಕೆ ತಲೆ ಕೆಡಿಸಿಕೊಳ್ಳೋದು. ಅವರದ್ದು ಇನ್ನೊಂದು ಲೆಕ್ಕ: ಅಲ್ಲಿ ಹೇಗೂ ಗೆಲ್ಲುತ್ತೇವೆ, ಯಾಕೆ ತಲೆ ಕೆಡಿಸಿಕೊಳ್ಳೋದು. ಎರಡರ ನಡುವೆ ನಾವು.

ಹೋದ ಆಗಸ್ಟ್‌ನಲ್ಲಿ ನೀವು ಮಳೆ ಹಾನಿ ನೋಡಲು ಬಂದಿದ್ದಿರಿ. ಕಾರಿನ ಮೇಲೆ ಮೊಟ್ಟೆ ಬಿತ್ತು. ಅದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ನೀವು ಮಾಂಸ ತಿಂದು ದೇವಸ್ಥಾನಕ್ಕೆ ಹೋದಿರಾ ಇಲ್ವಾ ಅಂತ ಟಿವಿಯಲ್ಲಿ ದಿನಗಟ್ಟಲೆ ಚರ್ಚೆ. ಪಂದಿಕರಿಯ, ಅಂದರೆ ಹಂದಿ ಮಾಂಸದ ಸಾರಿನ, ಊರಿನಲ್ಲಿ ಕೂತು ಅದನ್ನು ನೋಡುವಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನೀವು ‘ಮಡಿಕೇರಿ ಚಲೋ’ ಅಂದಿರಿ, ಬಿಜೆಪಿಯವರು ಅದೇ ದಿನ ನಮ್ಮದೂ ಸಮಾವೇಶ ಅಂದರು, ಜಿಲ್ಲಾಡಳಿತ 144 ಹಾಕಿತು. ಎರಡೂ ನಿಂತುಹೋದವು. ಮಳೆ ಹಾನಿಯ ಮಾತೂ ಅಲ್ಲಿಗೇ ನಿಂತಿತು.

2015ರ ನವೆಂಬರ್‌ನಲ್ಲೂ ಹೀಗೇ ಆಗಿತ್ತು. ಟಿಪ್ಪು ಜಯಂತಿ ಬೇಕೋ ಬೇಡವೋ ಅನ್ನೋದು ಬೆಂಗಳೂರಿನವರಿಗೆ ಮಾತಿನ ವಿಷಯ. ಮಡಿಕೇರಿಯಲ್ಲಿ ಜೀವವೇ ಹೋಯಿತು. ಈ ಸಲ ಆ ಜಾಡಿಗೆ ಕಾಲಿಡಬೇಡಿ. ಅವರು ಎಳೆದರೂ ಹೋಗಬೇಡಿ. ಆ ಜಗಳದಲ್ಲಿ ಯಾವತ್ತೂ ಗೆಲ್ಲೋದು ಅವರೇ. ನಿಮಗೆ ಗೊತ್ತಿರುವ ವಿಷಯ ಬೇರೆ. ಅನ್ನ, ಜಾಗ, ಕೂಲಿ, ಮನೆ. 2013ರಲ್ಲಿ ಅನ್ನಭಾಗ್ಯ ತಂದಾಗ ನಮ್ಮ ಕಡೆ ‘ಇನ್ನು ಕೂಲಿಗೆ ಯಾರೂ ಬರೋದಿಲ್ಲ’ ಅಂತ ಬೈದವರೇ ಜಾಸ್ತಿ. ಕೂಲಿಗೆ ಬಂದರು, ಮಧ್ಯಾಹ್ನದ ಬುತ್ತಿಯಲ್ಲಿ ಅನ್ನವೂ ಬಂತು. ಆ ದಾರಿಯಲ್ಲೇ ಇನ್ನೊಂದು ಹೆಜ್ಜೆ ಇಡಿ ಅನ್ನೋದು ನನ್ನ ಕೋರಿಕೆ.

ಈಗ ನಿಮ್ಮ ಗ್ಯಾರಂಟಿ ವಿಷಯಕ್ಕೆ ಬರುತ್ತೇನೆ. ಇಲ್ಲಿಯವರೆಗೆ ನಾಲ್ಕು ಹೇಳಿದ್ದೀರಿ. ಮನೆಗೆ 200 ಯೂನಿಟ್ ಕರೆಂಟು, ಮನೆಯ ಯಜಮಾನಿಗೆ ಎರಡು ಸಾವಿರ, ತಲೆಗೆ ಹತ್ತು ಕೆಜಿ ಅಕ್ಕಿ, ಕೆಲಸ ಸಿಗದ ಪದವೀಧರರಿಗೆ ಮೂರು ಸಾವಿರ. ನಿಮ್ಮದೂ ಡಿ.ಕೆ. ಶಿವಕುಮಾರ್ ಅವರದೂ ಸಹಿ ಇರುವ ಕಾರ್ಡು ನಮ್ಮೂರಿಗೂ ಬಂದಿದೆ. ಕಾಫಿ ಕುಯ್ಲಿಗೆ ನಮ್ಮಲ್ಲಿಗೆ ಬರುವ ಯರವ ಆದಿವಾಸಿ ಹೆಂಗಸೊಬ್ಬರು ಅದನ್ನು ನನ್ನಿಂದ ಓದಿಸಿಕೊಂಡರು. ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು: “ಅಣ್ಣಾ, ಮೀಟ್ರು ತೋಟದ್ದಲ್ವಾ? ಹಾಗಾದ್ರೆ ಈ ಫ್ರೀ ಸಾವ್ಕಾರ್‌ಗೆ ಹೋಗ್ತದಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆಯಾ?

ನೀವು ಲೈನ್ ಮನೆಯ ಒಳಗೆ ಹೋಗಿದ್ದೀರೋ ಇಲ್ಲವೋ ಗೊತ್ತಿಲ್ಲ. ಉದ್ದಕ್ಕೆ ಒಂದೇ ಸೂರು. ಅದರಡಿ ಸಾಲಾಗಿ ಕೋಣೆಗಳು, ಮುಂದೆ ಒಂದು ಕಿರಿದಾದ ಜಗಲಿ. ಒಂದು ಕೋಣೆಗೆ ಒಂದು ಸಂಸಾರ. ಅದರಲ್ಲೇ ಒಲೆ, ಅದರಲ್ಲೇ ಮಲಗೋದು. ಕರೆಂಟು ತೋಟದ ಹೆಸರಿನಲ್ಲಿ ಬರುತ್ತದೆ, ಅಲ್ಲಿಂದ ಕೋಣೆಗೊಂದು ವಯರು, ಒಂದು ಬಲ್ಬು. ಕೆಲವು ತೋಟದವರು ಚೆನ್ನಾಗಿ ಕಟ್ಟಿಸಿ ಕೊಟ್ಟಿದ್ದಾರೆ, ಶೌಚಾಲಯವೂ ಇದೆ. ಎಷ್ಟೋ ಕಡೆ ಇಲ್ಲ.

1951ರ ತೋಟ ಕಾರ್ಮಿಕರ ಕಾಯ್ದೆ ಪ್ರಕಾರ ದೊಡ್ಡ ತೋಟದವರು ಕೆಲಸಗಾರರಿಗೆ ಮನೆ ಕೊಡಬೇಕು. ಒಳ್ಳೆಯದೇ. ಆದರೆ ಮನೆ ಇರೋದು ಕೆಲಸ ಇರುವವರೆಗೆ ಮಾತ್ರ. ಅಪ್ಪನಿಗೆ ಸೊಂಟ ಹೋದರೆ ಮಗ ಕೆಲಸಕ್ಕೆ ನಿಲ್ಲಬೇಕು, ಇಲ್ಲಾಂದ್ರೆ ಕೋಣೆ ಖಾಲಿ ಮಾಡಬೇಕು. ಮೇಲಿಂದ ಮುಂಗಡ ತೆಗೆದುಕೊಂಡ ಸಾಲ. ಹುಡುಗ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಅಂತ ಮೇಷ್ಟ್ರು ಬೇಸರ ಮಾಡಿಕೊಳ್ಳುತ್ತಾರೆ. ಆ ಹುಡುಗ ಓದಲಿಕ್ಕೆ ಸೋಮಾರಿಯಾಗಿ ಬಿಟ್ಟದ್ದಲ್ಲ, ಮನೆ ಉಳಿಸಿಕೊಳ್ಳಲಿಕ್ಕೆ ಬಿಟ್ಟದ್ದು. ನಿಮ್ಮ ಪದವೀಧರರ ಮೂರು ಸಾವಿರ ಅವನ ತನಕ ಬರುವುದು ಹೇಗೆ?

ರೇಷನ್ ಕಾರ್ಡು ಮಾಡಿಸೋಣ ಅಂದರೆ ವಿಳಾಸಕ್ಕೆ ದಾಖಲೆ ಕೇಳುತ್ತಾರೆ. ವಿಳಾಸ ತೋಟದ್ದು, ಕಾಗದ ತೋಟದವರೇ ಕೊಡಬೇಕು. ಇವತ್ತು ಈ ತೋಟ, ಎರಡು ವರ್ಷ ಬಿಟ್ಟು ಇನ್ನೊಂದು. ಕಾರ್ಡು ಇಲ್ಲದವರಿಗೆ ಅಕ್ಕಿ ಇಲ್ಲ. ಯಜಮಾನಿಯ ಎರಡು ಸಾವಿರಕ್ಕೂ ಕಾರ್ಡನ್ನೇ ಕೇಳುತ್ತಾರೆ ಅಂತ ಈಗಲೇ ಊಹಿಸಬಹುದು. ಹೀಗೆ ನಿಮ್ಮ ನಾಲ್ಕೂ ಗ್ಯಾರಂಟಿ ತೋಟದ ಗೇಟಿನ ಹೊರಗೇ ನಿಲ್ಲುತ್ತವೆ. ಅತಿ ಬಡವರ ಪಕ್ಷ ಅಂತ ಹೇಳಿಕೊಳ್ಳುವವರಿಗೆ ಇದು ಸಣ್ಣ ವಿಷಯವಲ್ಲ.

ಆದ್ದರಿಂದ ನಾನು ಐದನೆಯದೊಂದು ಕೇಳುತ್ತಿದ್ದೇನೆ. ಲೈನ್ ಮನೆಯಲ್ಲಿರುವ ಪ್ರತಿ ಕುಟುಂಬಕ್ಕೆ, ಹೆಂಗಸಿನ ಹೆಸರಿನಲ್ಲಿ, ಒಂದು ನಿವೇಶನ. ಅವರದೇ ಹೆಸರಿನ ಬಾಗಿಲು, ಅವರದೇ ಮೀಟರು. ಉಳಿದ ನಾಲ್ಕು ಆ ಬಾಗಿಲಿಗೆ ತಾವಾಗಿ ಬರುತ್ತವೆ.

ಜಾಗ ಎಲ್ಲಿದೆ ಅಂತ ಕೇಳುತ್ತಾರೆ. ಕೊಡಗಿನಲ್ಲಿ ಪೈಸಾರಿ, ಅಂದರೆ ಸರ್ಕಾರಿ, ಜಾಗ ಇದೆ ಅನ್ನೋದು ಚಿಕ್ಕ ಮಕ್ಕಳಿಗೂ ಗೊತ್ತು. ಅದು ಯಾರ ಕೈಯಲ್ಲಿದೆ ಅನ್ನೋದೂ ಗೊತ್ತು. ಈಗಿನ ಸರ್ಕಾರ ಕಾನೂನು ತಿದ್ದಿ, ಒತ್ತುವರಿಯಾಗಿ ಕಾಫಿ ಬೆಳೆದಿರುವ ಸರ್ಕಾರಿ ಜಾಗವನ್ನು ಬೆಳೆದವರಿಗೇ 25 ಎಕರೆವರೆಗೆ, 30 ವರ್ಷದವರೆಗೆ ಗುತ್ತಿಗೆ ಕೊಡಲು ಹೊರಟಿದೆ. ಬೆಳೆಗಾರರು ಬಹಳ ದಿನದಿಂದ ಕೇಳುತ್ತಿದ್ದದ್ದೇ. ಅರ್ಧ ಎಕರೆ, ಒಂದು ಎಕರೆ ಸೇರಿಸಿಕೊಂಡು ಬದುಕುತ್ತಿರುವ ಸಣ್ಣವರೂ ಇದ್ದಾರೆ, ಅವರಿಗೆ ನೆಮ್ಮದಿ ಸಿಗಲಿ. ಆದರೆ 25 ಎಕರೆ ಅಂದರೆ ಸಣ್ಣವರಾ? ನಮ್ಮ ಕಡೆ 25 ಎಕರೆ ಇದ್ದವರನ್ನು ಸಣ್ಣ ಬೆಳೆಗಾರ ಅಂತ ಕರೆದರೆ ಅವರಿಗೇ ಸಿಟ್ಟು ಬರುತ್ತದೆ.

ಪೈಸಾರಿ ಪೂರ್ತಿ ಗುತ್ತಿಗೆಗೆ ಹೋದ ಮೇಲೆ ಮೂರು ಸೆಂಟು ಕೇಳಲು ಹೋದವರಿಗೆ ‘ಜಾಗವೇ ಇಲ್ಲ’ ಅನ್ನೋ ಉತ್ತರ ಸಿಗುತ್ತದೆ. ಆ ಉತ್ತರ ಸುಳ್ಳೂ ಆಗಿರೋದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ: ಮೊದಲು ನಿವೇಶನ ಗುರುತು ಮಾಡಿ, ಆಮೇಲೆ ಗುತ್ತಿಗೆ ಅಂತ ನಿಮ್ಮ ಪಕ್ಷ ಹೇಳುತ್ತದಾ? ಇಲ್ಲಿ ನಿಮ್ಮ ಮುಖಂಡರಲ್ಲೂ ತೋಟದವರೇ ಜಾಸ್ತಿ. ಅವರಿಗೆ ಈ ಮಾತು ಬಾಯಿಗೆ ಬರೋದಿಲ್ಲ. ನೀವೇ ಹೇಳಬೇಕು.

ದಿಡ್ಡಳ್ಳಿಯನ್ನು ನೆನಪು ಮಾಡದೆ ಇದನ್ನು ಬರೆಯಲು ಆಗೋದಿಲ್ಲ. 2016ರ ಡಿಸೆಂಬರ್‌ನಲ್ಲಿ ಅಲ್ಲಿ 577 ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದಾಗ ಮುಖ್ಯಮಂತ್ರಿ ನೀವೇ. ಅವರಲ್ಲಿ ಬಹಳ ಮಂದಿ ಲೈನ್ ಮನೆ ಬಿಟ್ಟು ಬಂದವರು. ಅರಣ್ಯ ಹಕ್ಕು ಕಾಯ್ದೆ ತಂದದ್ದು 2006ರಲ್ಲಿ ನಿಮ್ಮದೇ ಪಕ್ಷದ ಕೇಂದ್ರ ಸರ್ಕಾರ, ಹತ್ತು ವರ್ಷ ಬಿಟ್ಟು ಗುಡಿಸಲು ಬಿದ್ದದ್ದೂ ನಿಮ್ಮದೇ ಸರ್ಕಾರದಲ್ಲಿ. ಹೋರಾಟ ಜೋರಾದ ಮೇಲೆ ಕುಶಾಲನಗರದ ಹತ್ತಿರ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ಕೊಟ್ಟು ಮನೆ ಕಟ್ಟಿಸಿದಿರಿ. ಮನೆಯೇನೋ ಆಯಿತು. ಆದರೆ ಅವರಿಗೆ ಗೊತ್ತಿದ್ದ ತೋಟ, ಕಾಡು, ಕೆಲಸ ಎಲ್ಲ ಉಳಿದದ್ದು ಈ ಕಡೆ. ಹಾಗಾಗಿ ನಿವೇಶನ ಕೊಡುವಾಗ ಕೆಲಸಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಕೊಡಿ. ಇದನ್ನು ಪ್ರಣಾಳಿಕೆಯಲ್ಲೇ ಬರೆಯಿರಿ. ಅಧಿಕಾರಿಗಳಿಗೆ ಬಿಟ್ಟರೆ ಮತ್ತೆ ನಲವತ್ತು ಕಿಲೋಮೀಟರ್ ಆಚೆ ತೋರಿಸುತ್ತಾರೆ.

ಮನಸ್ಸು ಮಾಡಿದರೆ ಈ ಜಿಲ್ಲೆಯಲ್ಲಿ ಜಾಗ ಸಿಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಜಾಗ ಸಿಕ್ಕಿತಲ್ಲ. ಮರುವರ್ಷ ಕಾವೇರಿ ಉಕ್ಕಿ ನಮ್ಮ ಕರಡಿಗೋಡು, ಗುಹ್ಯದ ದಡದ ಮನೆಗಳು ಮುಳುಗಿದವು. ಅವರು ಹೆಚ್ಚಿನವರು ಕೂಲಿಯವರು. ಎಷ್ಟೋ ಮಂದಿ ಇನ್ನೂ ಅದೇ ದಡದಲ್ಲಿದ್ದಾರೆ, ಜೂನ್ ಬಂದರೆ ಪಾತ್ರೆ ಪಗಡೆ ಕಟ್ಟಿಕೊಳ್ಳುತ್ತಾರೆ.

ಆನೆ ವಿಷಯ ಎಲ್ಲ ಪಕ್ಷದವರೂ ಮಾತಾಡುತ್ತಾರೆ. ಕಂದಕ, ಸೋಲಾರ್ ಬೇಲಿ, ರೈಲ್ವೆ ಕಂಬಿಯ ಬೇಲಿ. ಜೀವ ಹೋದರೆ ಕೊಡುವ ಪರಿಹಾರವನ್ನು ಈಗಿನ ಸರ್ಕಾರ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು, ಆನೆ ಕಾರ್ಯಪಡೆಯನ್ನೂ ಮಾಡಿತು. ಅದನ್ನು ಇಲ್ಲ ಅನ್ನಬಾರದು. ಆದರೆ ಸಾಯುವವರು ಯಾರು ಅಂತ ಒಮ್ಮೆ ನೋಡಿ. ನನ್ನಂಥವರು ಸ್ಕೂಟರ್ ಹತ್ತಿ, ಫೋನಿನಲ್ಲಿ ‘ಆನೆ ಇಂಥ ಕಡೆ ಇದೆ’ ಅನ್ನೋ ಮೆಸೇಜ್ ನೋಡಿಕೊಂಡು ಹೊರಡುತ್ತೇವೆ. ಅಂಥ ಫೋನ್ ಇಲ್ಲದವರು ಬೆಳಗ್ಗೆ ಮಂಜಿನಲ್ಲಿ ನಡೆದು ಹೋಗುತ್ತಾರೆ. ರಾತ್ರಿ ಬಯಲಿಗೆ ಹೋಗಬೇಕಾದವರೂ ಅವರೇ. ಈ ಫೆಬ್ರವರಿಯಲ್ಲಿ ಕುಟ್ಟದ ಹತ್ತಿರ ಒಂದು ದಿನದ ಅಂತರದಲ್ಲಿ ಹುಲಿ ಇಬ್ಬರನ್ನು ಕೊಂದಿತು. ಒಂದೇ ಕುಟುಂಬ, ತೋಟದ ಕೆಲಸಕ್ಕೆ ಬಂದವರು. ಲೈನ್ ಮನೆಗೊಂದು ಶೌಚಾಲಯ, ಬೀದಿ ದೀಪ, ಕೆಲಸಕ್ಕೆ ಕರೆದೊಯ್ಯಲು ಜೀಪು. ಕಂದಕಕ್ಕಿಂತ ಇವು ಅಗ್ಗ.

ಆಸ್ಪತ್ರೆಯದ್ದು ನಿಮಗೆ ಗೊತ್ತಿರುವುದೇ. ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜು ಇದೆ, ಆದರೂ ಎದೆನೋವು, ತಲೆಗೆ ಪೆಟ್ಟು ಅಂದರೆ ಮೈಸೂರಿಗೋ ಮಂಗಳೂರಿಗೋ ಓಡಬೇಕು. 2019ರಲ್ಲಿ ಇಲ್ಲಿಯ ಹುಡುಗರು ಆಸ್ಪತ್ರೆ ಬೇಕು ಅಂತ ಟ್ವಿಟರ್‌ನಲ್ಲಿ ದೊಡ್ಡ ಗದ್ದಲವನ್ನೇ ಎಬ್ಬಿಸಿದ್ದರು. ರೈಲಿನ ಬಗ್ಗೆ ಮಾತ್ರ ದಯವಿಟ್ಟು ಬರೆಯಬೇಡಿ. ಕೊಡಗಿನಲ್ಲಿ ಒಂದಡಿ ಹಳಿ ಇಲ್ಲ, ಭರವಸೆಗೆ ಮಾತ್ರ ಕೊರತೆಯಿಲ್ಲ.

ನಾನು ಬರೆದದ್ದು ನನ್ನ ಅಕ್ಕಪಕ್ಕದ ಬೆಳೆಗಾರರಿಗೆ ಇಷ್ಟವಾಗಲಿಕ್ಕಿಲ್ಲ. ಆಳುಗಳು ತೋಟ ಬಿಟ್ಟು ಹೋದರೆ ಕೆಲಸ ಮಾಡೋದು ಯಾರು ಅಂತ ಕೇಳುತ್ತಾರೆ. ಈಗಲೇ ಅಸ್ಸಾಮಿನಿಂದ ಬಂದವರು ಮಾಡುತ್ತಿದ್ದಾರಲ್ಲ! ನನ್ನ ಅನುಭವದಲ್ಲಿ ಸ್ವಂತ ಮನೆ ಇರುವವರು ಊರು ಬಿಡೋದಿಲ್ಲ. ಸಾಲ ಜಾಸ್ತಿಯಾದಾಗ ರಾತ್ರೋರಾತ್ರಿ ಹೋಗೋದು ಲೈನ್ ಮನೆಯವರು.

ನೀವು ಪ್ರಚಾರಕ್ಕೆ ವಿರಾಜಪೇಟೆಗೆ ಬಂದರೆ ನಿವೇಶನದ ವಿಷಯ ವೇದಿಕೆಯ ಮೇಲಿಂದಲೇ ಹೇಳಿ. ಆಗುತ್ತೆ ಅಂದರೆ ಎಷ್ಟು ದಿನದಲ್ಲಿ ಅಂತ ಹೇಳಿ, ಆಗೋದಿಲ್ಲ ಅಂದರೆ ಅದನ್ನೂ ಹೇಳಿ. ಒಂದು ಸಣ್ಣ ಸೂಚನೆ: ಸಭೆಯನ್ನು ಸಂಜೆಗೆ ಇಡಬೇಡಿ. ಕತ್ತಲಾದರೆ ಆನೆ ಭಯಕ್ಕೆ ಲೈನ್ ಮನೆಯವರು ಬರೋದಿಲ್ಲ. ಕೆಲಸದ ದಿನವೂ ಬೇಡ, ಅರ್ಧ ದಿನದ ಕೂಲಿ ಹೋಗುತ್ತದೆ. ಭಾನುವಾರ ಬೆಳಗ್ಗೆ ಹತ್ತು ಗಂಟೆ ಆದರೆ ಎಲ್ಲರಿಗೂ ಅನುಕೂಲ.

ಇಂತಿ,
ಸಿದ್ದಾಪುರದ ಕಡೆಯ ಒಬ್ಬ ಸಣ್ಣ ಬೆಳೆಗಾರ
ವಿರಾಜಪೇಟೆ ವಿಧಾನಸಭಾ ಕ್ಷೇತ್ರ